ನೆಲ ಮುಟ್ಟಿದ ಚೆಂಡು

ತನಿಯ ಎಸೆದ ಚೆಂಡು ಒಮ್ಮೆ ನೆಲಕ್ಕೆ ಬಡಿದು ಪುಟಿದ ಮೇಲೆಯೇ ಕೃಷ್ಣಮೋಹನನ ಕೈ ಸೇರಬೇಕು.

ಇದು ಕ್ರಿಕೆಟ್ಟಿನ ಕಾಯಿದೆಯಲ್ಲ. ಕಡಬದಿಂದ ಪಂಜಕ್ಕೆ ಹೋಗುವ ದಾರಿಯಲ್ಲಿದ್ದ ಆ ಬೈಲಿನ ಕಾಯಿದೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ತನಿಯ ಮೇರರವನು, ಮುಟ್ಟಬಾರದವರೆಂದು ಊರು ಹೊರಗಿಟ್ಟ ಜಾತಿಯವನು. ಅವನ ಕೈಯಿಂದ ಧನಿಗಳ ಮನೆಯವರ ಕೈಗೆ ಯಾವುದೂ ನೇರವಾಗಿ ಹೋಗುವಂತಿಲ್ಲ. ಸೊಪ್ಪಿನ ಕಟ್ಟಾಗಲಿ, ಕತ್ತಿಯಾಗಲಿ, ಕೆಳಗೆ ಇಡಬೇಕು, ಹಿಂದೆ ಸರಿದು ನಿಲ್ಲಬೇಕು, ಆಮೇಲೆ ಅವರು ಬಂದು ಎತ್ತಿಕೊಳ್ಳಬೇಕು. ನಡುವೆ ನೆಲ ಇದ್ದರೆ ಮೈಲಿಗೆ ಇಲ್ಲ. ನಡೆಯಲು ಕಲಿತ ದಿನದಿಂದ ತನಿಯ ಕಲಿತದ್ದು ಇದನ್ನೇ. ಅವನ ಕೈಗೆ ಅದು ಉಸಿರಾಡಿದಷ್ಟು ರೂಢಿಯಾಗಿತ್ತು.

ಚೆಂಡು ದನದ ಚರ್ಮದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಧನಿಗಳ ಹಟ್ಟಿಯಲ್ಲಿ ದನ ಸತ್ತರೆ ಕಾಲಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವವರು ತನಿಯನ ಮನೆಯವರು. ಅಂಥ ಚರ್ಮವೇ ಊರೂರು ಸುತ್ತಿ, ಕೆಂಪು ಬಣ್ಣ ಬಳಿದುಕೊಂಡು, ಮಂಗಳೂರಿನ ಅಂಗಡಿಯಿಂದ ಬಸ್ಸು ಹತ್ತಿ ಬಂದರೆ ಅದನ್ನು ಹೊಟ್ಟೆಗೆ ಅವುಚಿಕೊಂಡು ಕುಣಿಯಬಹುದು. ತನಿಯನ ಕೈ ತಾಗಿ ಬಂದರೆ ಮಾತ್ರ ಅದು ಒಮ್ಮೆ ಮಣ್ಣಿನಲ್ಲಿ ಬಿದ್ದು ಶುದ್ಧವಾಗಬೇಕು. ಅಸ್ಪೃಶ್ಯತೆ ಅಪರಾಧ ಎಂದು ದೆಹಲಿಯಲ್ಲಿ ಕಾನೂನಾಗಿ ಕೆಲವು ವರ್ಷ ಕಳೆದಿತ್ತು. ಆ ಕಾನೂನು ಇನ್ನೂ ಘಟ್ಟ ಇಳಿದಿರಲಿಲ್ಲ.

ತನಿಯ ಟೀಮಿಗೆ ಸೇರಿದ್ದು ಯಾರ ಔದಾರ್ಯದಿಂದಲೂ ಅಲ್ಲ, ಜನ ಸಾಲದೆ. ಧನಿ ಯಜ್ಞೇಶ್ವರಯ್ಯನವರ ಮಗ ಕೃಷ್ಣಮೋಹನ ಮಂಗಳೂರಿನಲ್ಲಿ ಕಾಲೇಜು ಓದಿ ಬರುವಾಗ ಬ್ಯಾಟು, ಚೆಂಡು, ಕೈಗೆ ಹಾಕುವ ಗವಸು ಎಲ್ಲ ತಂದಿದ್ದ. ಊರಿನಲ್ಲಿ ಎಷ್ಟು ಹುಡುಕಿದರೂ ಹತ್ತೇ ಜನ ಸಿಕ್ಕಿದರು. ಹನ್ನೊಂದನೆಯವನಾಗಿ ತನಿಯನನ್ನು ಗದ್ದೆಯ ಅಂಚಿನ ಮಣ್ಣಿನ ಬದು, ಹುಣಿಯ ಬಳಿ ನಿಲ್ಲಿಸಿದ. ಹುಣಿಯೇ ಬೌಂಡರಿ. ಚೆಂಡು ಅಲ್ಲಿಗೆ ಬಂದರೆ ಓಡು, ಹಿಡಿ, ಪುಟಿಸಿ ಎಸೆ. ಅಷ್ಟೇ ಕೆಲಸ.

ಆ ಕೆಲಸ ಅವನಿಗೆ ಹೊಸದೂ ಆಗಿರಲಿಲ್ಲ. ಮರದ ತುದಿಯಿಂದ ಬಿಟ್ಟ ಅಡಿಕೆಗೊನೆಯನ್ನು ಒಂದು ಕಾಯಿಯೂ ಚದುರದ ಹಾಗೆ ಕೆಳಗೆ ನಿಂತು ಗೋಣಿಯಲ್ಲಿ ಆತುಕೊಳ್ಳುವವನು ಅವನು. ಹಿಡಿಯುವುದು, ಮೆಲ್ಲಗೆ ನೆಲಕ್ಕೆ ಇಡುವುದು, ಮತ್ತೆ ಮೇಲೆ ನೋಡುವುದು. ಬೆಳಗಿನಿಂದ ಸಂಜೆಯವರೆಗೆ ಅದೇ. ರಾತ್ರಿ ಕುತ್ತಿಗೆ ತಿರುಗುತ್ತಿರಲಿಲ್ಲ.

ಆ ವರ್ಷ ವೆಸ್ಟ್ ಇಂಡೀಸಿನವರು ಆಡಲು ಬಂದಿದ್ದರು. ಧನಿಗಳ ಚಾವಡಿಯ ರೇಡಿಯೋ ಸುತ್ತ ಜನವೋ ಜನ. ತನಿಯ ಅಂಗಳದ ಕೊನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೇಳುತ್ತಿದ್ದ. ಭಾಷೆ ತಿಳಿಯುತ್ತಿರಲಿಲ್ಲ, ಜನರ ಕೂಗು ಮಾತ್ರ ತಿಳಿಯುತ್ತಿತ್ತು. ಅವರೆಲ್ಲ ನಿನ್ನ ಹಾಗೆಯೇ ಕಪ್ಪು ಮಾರಾಯ, ನಮ್ಮವರನ್ನು ಚಿಂದಿ ಮಾಡುತ್ತಿದ್ದಾರೆ ಎಂದು ಕೃಷ್ಣಮೋಹನ ಜಗಲಿಯಿಂದ ಹೇಳಿದ. ಆ ಕಪ್ಪು ಮನುಷ್ಯರ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ. ದೂರದಲ್ಲಿದ್ದರಲ್ಲ, ಪ್ರೀತಿಸಲು ಏನು ಕಷ್ಟ.

ತನಿಯನಿಗೆ ಒಂದೇ ಆಸೆ, ಬ್ಯಾಟು ಹಿಡಿಯುವುದು. ಎರಡು ಬೇಸಗೆ ಬಿಸಿಲಲ್ಲಿ ಓಡಿದ್ದ. ಅಂಗಾಲು ಕೂಳೆ ಚುಚ್ಚಿ ಹುಣ್ಣಾಗಿತ್ತು. ಬ್ಯಾಟು ಒಮ್ಮೆಯೂ ಕೈಗೆ ಬಂದಿರಲಿಲ್ಲ. ಚೆಂಡನ್ನಾದರೆ ಪುಟಿಸಬಹುದು. ಬ್ಯಾಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಂಥದ್ದು. ಅದಕ್ಕೆ ಒಂಬತ್ತು ವಿಕೆಟ್ ಬಿದ್ದ ಕೂಡಲೇ ಇನ್ನಿಂಗ್ಸ್ ಮುಗಿಯಿತು ಎಂದು ಎದ್ದುಬಿಡುತ್ತಿದ್ದರು. ಓಡುವಾಗ ಹನ್ನೊಂದು ಜನ, ಹೊಡೆಯುವಾಗ ಹತ್ತು.

ಸುಗ್ಗಿ ಬೆಳೆ ಕೊಯ್ದು ಗದ್ದೆ ಒಣಗಿದಾಗ ಪಂಜದವರೊಡನೆ ಪಂದ್ಯ ನಿಶ್ಚಯವಾಯಿತು. ಗೆದ್ದವರಿಗೆ ಒಂದು ಬಾಳೆಗೊನೆ, ಮೇಲಿಂದ ಪುತ್ತೂರಿನ ದೊಡ್ಡ ಪಂದ್ಯಕ್ಕೆ ಹೋಗುವ ಮಾನ. ಕೃಷ್ಣಮೋಹನ ತನಿಯನನ್ನು ಕರೆದು ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಯಾರಿಗೂ ಕೇಳಿಸದ ಹಾಗೆ ಹೇಳಿದ.

"ಈ ಸಲ ಗೆದ್ರೆ ಪುತ್ತೂರಲ್ಲಿ ನಿನಗೆ ಬ್ಯಾಟ್ ಕೊಡುವ. ಅಲ್ಲಿ ನೀನು ಯಾರು ಅಂತ ಯಾರಿಗೆ ಗೊತ್ತುಂಟು?"

ತನಿಯನಿಗೆ ಸಂತೋಷವಾಯಿತು. ಮಾತಿನ ಕೊನೆಯ ಭಾಗ ಎದೆಯಲ್ಲಿ ಚುಚ್ಚಿತು. ಚುಚ್ಚಿದ್ದನ್ನು ನುಂಗಿಕೊಂಡ. ಬ್ಯಾಟು ಸಿಗುವುದಾದರೆ ಇನ್ನೂ ಏನೇನೋ ನುಂಗಲು ತಯಾರಿದ್ದ.

ಪಿಚ್ಚು ಮಾಡುವ ಕೆಲಸ ಅವನಿಗೂ ಅವನ ತಾಯಿ ಅಂಗಾರುವಿಗೂ ಬಿತ್ತು. ಕೂಳೆ ಕಿತ್ತು, ಹೆಂಟೆ ಒಡೆದು, ತೋಡಿನಿಂದ ನೀರು ಹೊತ್ತು ತಂದು ನೆಲ ನೆನೆಸಿದರು. ಮರದ ಹಲಗೆಯಲ್ಲಿ ಬಡಿದು ಬಡಿದು ಕಲ್ಲಿನ ಹಾಗೆ ಮಾಡಿದರು. ತನಿಯನ ಅಂಗೈ ಗುಳ್ಳೆ ಒಡೆಯಿತು. ಅಂಗಾರು ಬೆನ್ನು ನೆಟ್ಟಗೆ ಮಾಡಲಾಗದೆ ಬಗ್ಗಿಕೊಂಡೇ ಸೆಗಣಿ ಸಾರಿಸಿದಳು. ಈ ಉದ್ದದ ಅಂಗಳದಲ್ಲಿ ಯಾವ ಭತ್ತ ಬಡಿಯುವುದು ಎಂದು ಮಗನನ್ನು ಕೇಳಿ ನಕ್ಕಳು. ಮುಗಿಸಿ ಪಕ್ಕಕ್ಕೆ ಬಂದಾಗ ಕೃಷ್ಣಮೋಹನ ಬಂದು ನೋಡಿ ಬಹಳ ಲಾಯ್ಕಾಗಿದೆ ಎಂದ. ಇನ್ನು ನೀವಿಬ್ಬರು ಇದರ ಮೇಲೆ ಕಾಲು ಇಡುದು ಬೇಡ ಎಂದೂ ಹೇಳಿದ.

ಪಂದ್ಯದ ದಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗೇರುಮರದ ನೆರಳಲ್ಲಿ ಯಜ್ಞೇಶ್ವರಯ್ಯ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಾಳೆಗೊನೆ ಅವರ ಪಕ್ಕದ ಕೊಂಬೆಯಲ್ಲಿ ನೇತಾಡುತ್ತಿತ್ತು. ಎರಡೂ ಕಡೆಯಿಂದ ಒಬ್ಬೊಬ್ಬ ಅಂಪೈರ್. ಈ ಕಡೆಯಿಂದ ಧನಿಗಳ ಲೆಕ್ಕ ನೋಡುವ ಸಂಕಪ್ಪ. ಪಂಜದ ಕಡೆಯಿಂದ ಮೇದಪ್ಪ. ದೊಡ್ಡ ಗದ್ದೆಗಳ ಯಜಮಾನ, ಬಿಳಿ ಅಂಗಿ, ತಲೆಗೆ ಹ್ಯಾಟು, ಮಾತಿಗೆ ಮೊದಲೇ ಕೆಮ್ಮು.

ಧನಿಗಳ ಟೀಮು ಮೊದಲು ಹೊಡೆಯಿತು. ಒಂಬತ್ತನೆಯ ವಿಕೆಟ್ ಬಿದ್ದಾಗ ಎಲ್ಲರೂ ಎದ್ದರು. ತನಿಯನೂ ಎದ್ದ. ಅವನು ಎದ್ದದ್ದು ಬೇರೆ ಕಾರಣಕ್ಕೆ. ಯಾರೂ ಅವನತ್ತ ನೋಡಲಿಲ್ಲ. ಅವನು ಎಂದಿನಂತೆ ಹುಣಿಯ ಕಡೆ ನಡೆದ.

ಪಂಜದವರಲ್ಲಿ ಆಟ ಬಲ್ಲವನು ಅಚ್ಚುತ ಒಬ್ಬನೇ. ಆದರೆ ಅವನೊಬ್ಬ ಸಾಕಿತ್ತು. ಉಳಿದವರು ಬಂದು ಹೋಗುತ್ತಿದ್ದರು, ಅವನು ಅಲುಗಲಿಲ್ಲ. ಈ ಕಡೆಯಿಂದ ಬೌಲ್ ಮಾಡುತ್ತಿದ್ದವನು ಸಲಾಂ, ಮೀನು ಮಾರುವ ಬ್ಯಾರಿಗಳ ಹುಡುಗ. ತನಿಯನ ಓರಗೆ. ಬೆವರು ಒರೆಸಲೂ ನಿಲ್ಲದೆ ಓಡಿ ಬಂದು ಎಸೆಯುತ್ತಿದ್ದ. ಕೊನೆಗೂ ಅವನ ಒಂದು ಚೆಂಡಿಗೆ ಅಚ್ಚುತ ತಪ್ಪಿ ಹೊಡೆದ. ಚೆಂಡು ಎತ್ತರಕ್ಕೆ ಏರಿತು.

ತನಿಯ ಓಡಿದ. ಕೂಳೆಗಳ ಮೇಲೆ ಬರಿಗಾಲಲ್ಲಿ, ಬೆನ್ನು ತಿರುಗಿಸಿ, ತಲೆಯನ್ನು ಹಿಂದಕ್ಕೆ ಚೆಲ್ಲಿ ಓಡಿದ. ಹುಣಿಯ ಬುಡದಲ್ಲಿ ಎರಡೂ ಕೈ ಒಡ್ಡಿದ. ಚೆಂಡು ಬಂದು ಅಂಗೈಗೆ ಬಡಿಯಿತು. ಕಿರುಬೆರಳು ಚಟ್ಟೆಂದಿತು. ಬಿಡಲಿಲ್ಲ. ಎದೆಗೆ ಒತ್ತಿಕೊಂಡು ನಿಂತ. ಆಮೇಲೆ ನಡೆದುಕೊಂಡು ಮುಂದೆ ಬಂದ. ಕೃಷ್ಣಮೋಹನ ಕೂಗುತ್ತ ಎದುರಿಗೆ ಓಡಿ ಬಂದ. ಬಂದು, ಎಂದಿನಷ್ಟೇ ದೂರದಲ್ಲಿ ನಿಂತ.

ತನಿಯ ಬಗ್ಗಿ ಚೆಂಡನ್ನು ನೆಲದ ಮೇಲೆ ಇಟ್ಟ. ಹಿಂದೆ ಸರಿದ.

ಯೋಚಿಸಿ ಮಾಡಿದ್ದಲ್ಲ. ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ.

ಹೊರಟಿದ್ದ ಅಚ್ಚುತ ನಿಂತು ಮೇದಪ್ಪನ ಮುಖ ನೋಡಿದ. ಮೇದಪ್ಪ ಕೆಮ್ಮಿದ. ಚೆಂಡು ನೆಲ ಮುಟ್ಟಿದೆ, ನಾಟೌಟ್ ಎಂದ.

ಗಲಾಟೆಯೆದ್ದಿತು. ಹಿಡಿದದ್ದನ್ನು ಬೈಲೆಲ್ಲ ಕಂಡಿದೆ ಎಂದು ಸಲಾಂ ಕೂಗಿದ. ಹಿಡಿದು ಇಷ್ಟು ದೂರ ನಡೆದು ಬಂದಿದ್ದಾನೆ ಎಂದು ಕೃಷ್ಣಮೋಹನ ವಾದಿಸಿದ. ಮೇದಪ್ಪ ಎಲ್ಲವನ್ನೂ ಕೇಳಿಕೊಂಡ. ಹಿಡಿದವನು ಇನ್ನೊಬ್ಬನ ಕೈಗೆ ಕೊಡಬೇಕು, ನೆಲಕ್ಕೆ ಯಾಕೆ ತಾಗಿಸಿದ್ದು ಎಂದು ಕೇಳಿದ. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಅವನ ಮನೆಯ ಅಂಗಳದಲ್ಲೂ ಇದೇ ಕಾಯಿದೆ. ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಉತ್ತರ ಗೊತ್ತಿತ್ತು. ಒಬ್ಬನ ಬಾಯಿಂದಲೂ ಬರಲಿಲ್ಲ. ಸಂಕಪ್ಪ ಬಗ್ಗಿ ಸ್ಟಂಪು ಸರಿಮಾಡತೊಡಗಿದ, ಅದು ನೆಟ್ಟಗೇ ಇತ್ತು.

ಕೃಷ್ಣಮೋಹನ ತನಿಯನ ಕಡೆ ತಿರುಗಿದ.

"ನಿನಗೆ ತಲೆ ಉಂಟಾ? ಯಾರು ಹೇಳಿದ್ದು ಕೆಳಗೆ ಇಡ್ಲಿಕ್ಕೆ?"

ತನಿಯ ಅವನನ್ನು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ನೇರವಾಗಿ ಮುಖವನ್ನೇ ನೋಡಿದ. ತಿರುಗಿ ಹುಣಿಯ ಕಡೆ ನಡೆದ.

ಆಮೇಲೆ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಡಕ್ಕೆ ಹೋದ, ಬಲಕ್ಕೆ ಬಂದ. ಕಿರುಬೆರಳು ಬಾತು ಕೈಯೇ ಬೇರೆ ಯಾರದೋ ಎನ್ನುವ ಹಾಗಾಗಿತ್ತು. ನೋವು ಅದರದ್ದಲ್ಲ. ಯಾರು ಹೇಳಿದ್ದು ಎಂದು ಕೇಳಿದನಲ್ಲ! ಕೃಷ್ಣಮೋಹನನ ಅಜ್ಜ ಹೇಳಿದ್ದು. ಅವನ ಅಪ್ಪ ಹೇಳಿದ್ದು. ಐದು ವರ್ಷದ ತನಿಯ ಎಲೆಯ ಮೇಲೆ ಮಾವಿನಹಣ್ಣು ಇಟ್ಟು ಪ್ರೀತಿಯಿಂದ ಧನಿಗಳತ್ತ ಕೈ ಚಾಚಿದಾಗ ಬೆತ್ತದಲ್ಲಿ ಅದೇ ಕೈಗೆ ಹೊಡೆದು ಹೇಳಿದ್ದು. ಅವರೇ ಕಲಿಸಿದ್ದು, ಅವರಿಗೆ ಸೋಲಾಗುವಾಗ ಅವನ ತಪ್ಪು. ಸಿಟ್ಟಿನಿಂದ ಹುಣಿಯ ಮಣ್ಣನ್ನು ಕಾಲಲ್ಲಿ ಒದ್ದ.

ಓವರುಗಳ ನಡುವೆ ಸಲಾಂ ಹುಣಿಯ ಹತ್ತಿರ ಬಂದ. ಇಬ್ಬರೂ ಒಂದೇ ಬೀಡಿ ಹಂಚಿ ಸೇದಿದವರು. ಇನ್ನೊಂದು ಸಲ ಹಾಗೆ ಮಾಡಬೇಡ, ನನ್ನ ವಿಕೆಟ್ ಹೋಯಿತು ಎಂದ ಸಲಾಂ.

"ಮತ್ತೆ ಎಂತ ಮಾಡುದು?"

ಸಲಾಂ ನೆಲ ನೋಡಿದ. ಚೆಂಡೆಸೆಯಲು ಹಿಂದೆ ಹೋದ.

ಬಿಸಿಲು ಇಳಿಯಿತು. ಪಂಜದವರಿಗೆ ಇನ್ನು ಮೂರು ರನ್ ಸಾಕು, ಕೈಯಲ್ಲಿ ಒಂದೇ ವಿಕೆಟ್. ಹೊಡೆಯುವವನು ಅಚ್ಚುತನೇ. ಸಲಾಂ ಓಡಿ ಬಂದ. ಅಚ್ಚುತ ಮೈಯೆಲ್ಲ ಬಳಸಿ ಬೀಸಿದ. ಚೆಂಡು ಮತ್ತೆ ಆ ಕಡೆಗೇ ಏರಿತು.

ತನಿಯನಿಗೆ ಹೆಚ್ಚು ಓಡಬೇಕಾಗಲಿಲ್ಲ. ಚೆಂಡು ನೆಟ್ಟಗೆ ಅವನ ಮೇಲೆಯೇ ಬಂತು. ಬಾತ ಕೈಯಲ್ಲೇ ಹಿಡಿದ. ನೋವಿಗೆ ಕಣ್ಣು ಕತ್ತಲೆ ಬಂತು. ಚೆಂಡು ಕೈಯಲ್ಲೇ ಇತ್ತು.

ಕೃಷ್ಣಮೋಹನ ಎರಡೂ ಕೈ ಎತ್ತಿ ಓಡಿ ಬಂದ. ಎಂದಿನ ದೂರದಲ್ಲಿ ನಿಂತ. ಅಭ್ಯಾಸದಂತೆ ಅವನ ಕಣ್ಣು ನೆಲದ ಕಡೆ ಹೋಯಿತು. ಆಗ ನೆನಪಾಯಿತು.

"ಇಡ್ಬೇಡ," ಎಂದ ಗಾಬರಿಯಿಂದ. "ಕೆಳಗೆ ಇಡ್ಬೇಡ ಮಾರಾಯ."

"ಇಡುದಿಲ್ಲ," ಎಂದ ತನಿಯ. "ತಕ್ಕೊಳ್ಳಿ."

ಚೆಂಡಿದ್ದ ಅಂಗೈಯನ್ನು ಮುಂದೆ ಚಾಚಿದ. ಕೃಷ್ಣಮೋಹನ ಒಂದು ಹೆಜ್ಜೆ ಹಿಂದೆ ಹೋದ. ಹೋದದ್ದು ಅವನಿಗೇ ತಿಳಿಯಲಿಲ್ಲ. ತನಿಯ ಮುಂದೆ ಬಂದ. ಅವನು ಇನ್ನೂ ಹಿಂದೆ ಹೋದ. ಹೀಗೆ ಒಬ್ಬ ಮುಂದೆ, ಒಬ್ಬ ಹಿಂದೆ, ಗದ್ದೆಯ ನಡುವಿನವರೆಗೆ ಬಂದರು. ತನಿಯನ ಕಾಲು ಪಿಚ್ಚಿನ ಮೇಲೆ ಬಿತ್ತು. ತಂಪಾಗಿತ್ತು, ಗಟ್ಟಿಯಾಗಿತ್ತು. ತಾನು ಬಡಿದ ನೆಲ.

ಮೇದಪ್ಪ ಕೆಮ್ಮಿದ. ಚೆಂಡು ನೆಲ ಮುಟ್ಟಿದರೆ ನಾಟೌಟ್ ಎಂದು ಆಗಲೇ ತೀರ್ಪು ಕೊಟ್ಟಾಗಿದೆ, ಕೈಯಿಂದ ಕೈಗೆ ಬರಲಿ, ಆಗ ಔಟ್ ಹೇಳುತ್ತೇನೆ ಎಂದ. ಅವನ ಮೀಸೆಯ ಕೆಳಗೆ ಸಣ್ಣ ನಗೆ ಇತ್ತು. ಇದು ಆಗುವ ಮಾತಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಕೃಷ್ಣಮೋಹನನಿಗೆ ದಾರಿ ಹೊಳೆಯಿತು. ಸಲಾಂ, ನೀನು ತಕ್ಕೊ, ಆಮೇಲೆ ನನಗೆ ಕೊಡು ಎಂದ. ಸಲಾಂ ಎರಡು ಹೆಜ್ಜೆ ಬಂದ. ತನಿಯ ಕೈ ಹಿಂದಕ್ಕೆ ಎಳೆದುಕೊಂಡ.

"ನೀನು ಯಾವಾಗಲೂ ತಕ್ಕೊಳ್ತಿ ಸಲಾಂ. ನಿನ್ನ ಹತ್ರ ನನಗೆ ಜಗಳ ಇಲ್ಲ. ಇದನ್ನು ಅವರು ತಕ್ಕೊಳ್ಬೇಕು."

ಸಲಾಂ ಅವನನ್ನೇ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತುಬಿಟ್ಟ.

ಕೃಷ್ಣಮೋಹನನ ಮುಖ ಕೆಂಪಾಯಿತು. ಹತ್ತಿರ ಬಂದು, ಬರಬಹುದಾದಷ್ಟೇ ಹತ್ತಿರ ಬಂದು, ದನಿ ತಗ್ಗಿಸಿದ. ಎಲ್ಲರೆದುರು ಮರ್ಯಾದೆ ತೆಗೆಯಬೇಡ ಎಂದ. ಪುತ್ತೂರಿನಲ್ಲಿ ಬ್ಯಾಟ್ ಕೊಡುತ್ತೇನೆ ಅಂದದ್ದು ಮರೆತಿಲ್ಲ, ಈಗ ಸಲಾಂನ ಕೈಗೆ ಹಾಕು ಎಂದ.

ತನಿಯ ಕೇಳಿದ:

"ಬ್ಯಾಟ್ ಹೇಗೆ ಕೊಡುದು ಧನಿ? ನೆಲದಲ್ಲಿ ಇಟ್ಟಾ?"

ಆ ಮಾತು ಗೇರುಮರದವರೆಗೂ ಕೇಳಿಸಿತು. ಕೃಷ್ಣಮೋಹನ ಓದಿದವನು. ಅವನ ಬಲಗೈ ಸ್ವಲ್ಪ ಎದ್ದಿತು. ತನಿಯ ಅದನ್ನು ಕಂಡ. ಬೆರಳುಗಳು ಬಿಡಿಸಿಕೊಂಡವು, ಮುಂದೆ ಬಂದವು. ಇನ್ನು ಒಂದು ಗೇಣು. ಆ ಒಂದು ಗೇಣು ಬಂದಿದ್ದರೆ ಪಂದ್ಯ ಗೆದ್ದಂತೆ, ಗೊನೆ ಬಂದಂತೆ, ಪುತ್ತೂರು ಸಿಕ್ಕಂತೆ.

"ಕೃಷ್ಣಾ."

ಯಜ್ಞೇಶ್ವರಯ್ಯ ಕುರ್ಚಿಯಿಂದ ಎದ್ದಿರಲೂ ಇಲ್ಲ. ದನಿ ಏರಿಸಿರಲೂ ಇಲ್ಲ. ಆ ಕೈ ಕೆಳಗೆ ಬಿತ್ತು.

ಗೊನೆ ಹೋದರೆ ಹೋಗಲಿ, ತೋಟದಲ್ಲಿ ಬೇಕಾದಷ್ಟುಂಟು, ಸೋತೆವು ಎಂದು ಹೇಳಿ ಬಾ ಎಂದರು ಅವರು. ತನಿಯನ ಕಡೆ ತಿರುಗಿ, ಚೆಂಡು ಅಲ್ಲಿ ಇಟ್ಟು ಹೋಗು, ನೀನು ಮಲಗುವ ಗುಡಿಸಲು ಯಾರ ಜಾಗದಲ್ಲಿ ಉಂಟು ಎಂದು ನೆನಪಿಟ್ಟುಕೊಂಡು ಹೋಗು ಎಂದರು.

ಕೃಷ್ಣಮೋಹನ ಮೇದಪ್ಪನಿಗೆ ಹೇಳಿದ. ನಾಟೌಟ್, ಒಪ್ಪಿದ್ದೇನೆ ಎಂದ. ಒಂದು ಗಳಿಗೆಯ ಹಿಂದೆ ಆ ವಿಕೆಟ್ಟಿಗಾಗಿ ಕುಣಿದವನು. ಒಬ್ಬ ಮನುಷ್ಯನ ಅಂಗೈ ಮುಟ್ಟುವುದಕ್ಕಿಂತ ಸೋಲು ಅವರಿಗೆ ಹಗುರವಾಯಿತು. ಪಂಜದವರೂ ಕುಣಿಯಲಿಲ್ಲ. ಅಚ್ಚುತ ಬ್ಯಾಟಿನ ಮೇಲೆ ಭಾರ ಬಿಟ್ಟು ಆಚೆ ನೋಡುತ್ತಿದ್ದ.

ತನಿಯನಿಗೆ ಗುಡಿಸಲು ನೆನಪಾಯಿತು. ಅದರೊಳಗಿನ ಮಡಕೆ, ಚಾಪೆ ನೆನಪಾದವು, ತಾಯಿ ನೆನಪಾದಳು. ಚೆಂಡು ಇಟ್ಟುಬಿಟ್ಟರೆ ನಾಳೆ ಎಂದಿನ ನಾಳೆ. ಬಗ್ಗುವುದು ಎಷ್ಟು ಹೊತ್ತಿನ ಕೆಲಸ? ಬೆನ್ನಿಗೆ ರೂಢಿಯಿದೆ. ಬೆನ್ನು ಬಗ್ಗಲಿಕ್ಕೂ ಹೊರಟಿತು. ಅವನು ಅದನ್ನು ನಿಲ್ಲಿಸಿದ.

"ನಾಟೌಟ್ ಆದ್ರೆ ಆಟ ಮುಗೀಲಿಲ್ಲ ಧನಿ. ಇನ್ನೂ ಆಡ್ಬೇಕು. ಚೆಂಡು ನನ್ನ ಕೈಯಲ್ಲಿ ಉಂಟು."

ಹೀಗೆ ಹೇಳಿ ಪಿಚ್ಚಿನ ಮೇಲೆ ಚಕ್ಕಲಮುಕ್ಕಲ ಹಾಕಿ ಕುಳಿತ. ಮೊಣಕಾಲ ಮೇಲೆ ಕೈ, ಕೈ ಮೇಲೆ ಚೆಂಡು. ಹೊಡೆಯಲು ಕೆಲವರು ಮುಂದೆ ನುಗ್ಗಿದರು. ನುಗ್ಗಿ, ನಿಂತರು. ಹೊಡೆಯಬೇಕಾದರೂ ಮುಟ್ಟಬೇಕಲ್ಲ. ಯಾರೋ ಬೆತ್ತ ತರಲು ಹೇಳಿದರು. ಸಲಾಂ ಬೆನ್ನ ಹಿಂದೆ ಕೈ ಕಟ್ಟಿಕೊಂಡೇ ಬಂದು ತನಿಯನ ಮುಂದೆ ನಿಂತ. ಬೆತ್ತ ಬರಲಿಲ್ಲ.

ಯಜ್ಞೇಶ್ವರಯ್ಯ ಅಂಗಾರುವನ್ನು ಕರೆಸಿದರು. ತೋಡಿನ ಆಚೆ ಸೊಪ್ಪು ಹೊರುತ್ತಿದ್ದವಳು ಓಡಿ ಬಂದಳು. ತಲೆಯಲ್ಲಿ ಇನ್ನೂ ಎಲೆಗಳಿದ್ದವು. ಮಗನಿಗೆ ಬುದ್ಧಿ ಹೇಳು, ಇಲ್ಲದಿದ್ದರೆ ಇವತ್ತೇ ಜಾಗ ಬಿಡಿ ಎಂದರು ಧನಿ. ಅವಳು ಮಗನ ಬಳಿಗೆ ಹೋದಳು. ಸೆಗಣಿ ಸಾರಿಸಿದ ಅಂಚಿನಲ್ಲಿ ಒಂದು ಕ್ಷಣ ಕಾಲು ತಡೆದು, ಆಮೇಲೆ ಒಳಗೆ ಇಟ್ಟಳು.

"ಇಡು ಮಗಾ," ಎಂದಳು. "ನಮಗೆ ಯಾಕೆ ಇವರ ಆಟ?"

ತನಿಯ ಕೈ ತೋರಿಸಿದ. ಅಂಗೈ ಬಾತು ಕಪ್ಪಾಗಿತ್ತು. ಕಿರುಬೆರಳು ಪಕ್ಕಕ್ಕೆ ತಿರುಗಿ ನಿಂತಿತ್ತು. ಅಂಗಾರು ಆ ಕೈಯ ಕೆಳಗೆ ತನ್ನ ಕೈ ಕೊಟ್ಟು ನೋಡಿದಳು. ಆಟದ ವಿಷಯ ಅವಳಿಗೆ ಏನೂ ಗೊತ್ತಿರಲಿಲ್ಲ. ಏನಾಯಿತೆಂದು ಕೇಳಿದಳು. ಹಿಡಿದದ್ದನ್ನು ಹಿಡಿಯಲಿಲ್ಲ ಅಂತ ಹೇಳುತ್ತಾರೆ ಎಂದ ತನಿಯ.

ಅವಳು ಎದ್ದುನಿಂತು ಹ್ಯಾಟಿನ ಮೇದಪ್ಪನ ಕಡೆ ತಿರುಗಿದಳು.

"ಹಿಡೀಲಿಲ್ಲ ಅಂತಾದ್ರೆ ಇವನ ಕೈ ಬಾತದ್ದು ಹೇಗೆ ಸ್ವಾಮಿ?"

ಮೇದಪ್ಪ ಕೆಮ್ಮಲೂ ಇಲ್ಲ. ಸಂಕಪ್ಪ ತಲೆ ತಗ್ಗಿಸಿದ. ಅಂಗಾರು ಧನಿಗಳ ಮುಖವನ್ನು ನೋಡಿದಳು, ಅವರ ಮಗನ ಮುಖವನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ತಾನೇ ಸಾರಿಸಿದ ನೆಲದ ಮೇಲೆ ಮಗನ ಪಕ್ಕದಲ್ಲಿ ಕುಳಿತುಕೊಂಡಳು.

ಹೊತ್ತು ಮುಳುಗುತ್ತ ಬಂತು. ಪಂಜದವರು ಬಸ್ಸು ತಪ್ಪುತ್ತದೆ ಎಂದು ಹೊರಟರು. ಗೊನೆಯನ್ನು ಯಾರೂ ಬಿಚ್ಚಲಿಲ್ಲ. ಧನಿಗಳು ಹೋದರು, ಕುರ್ಚಿಯೂ ಹೋಯಿತು. ಕೃಷ್ಣಮೋಹನ ಮಾತ್ರ ಹೋಗಲಾಗದೆ, ಹತ್ತಿರ ಬರಲೂ ಆಗದೆ ಸ್ಟಂಪಿನ ಬಳಿ ನಿಂತಿದ್ದ. ಎಷ್ಟು ಹೊತ್ತು ಹೀಗೆ ಕೂತುಕೊಳ್ಳುತ್ತೀ ಎಂದು ಕೊನೆಗೆ ಕೇಳಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಕೈ ನೀಡಿದ್ರೆ ಈಗಲೇ ಎದ್ದೆ," ಎಂದ ತನಿಯ.

ಅವನ ಬಾತ ಕೈ ಸೋಲುತ್ತಿತ್ತು. ಅಂಗಾರು ಅದರ ಕೆಳಗೆ ತನ್ನ ಕೈ ಆನಿಸಿ ಹಿಡಿದಳು. ಚೆಂಡು ಕೆಳಗೆ ಬೀಳಲಿಲ್ಲ.